ಹೇಮಾವತಿ ನೀರಿನ ರಿಪೋರ್ಟ್ ವಾರಕ್ಕೊಂದು ಥರ ಬರ್ತಿದ್ರೆ

ಸಕಲೇಶಪುರದಲ್ಲಿ ಒಂದೇ ಜಾಗದ ನೀರಿನಲ್ಲಿ ಫೀಕಲ್ ಕೋಲಿಫಾರ್ಮ್ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) ವಾರದಲ್ಲಿ ಹತ್ತು ಪಟ್ಟು ಏರಿದೆ, ಲ್ಯಾಬ್ ತಪ್ಪಿರಬಹುದಾ ಅಂತ ಒಬ್ಬರು ಕೇಳಿದ್ರು. ಬಹುಶಃ ಮಳೆ ಕಾರಣ, ಲ್ಯಾಬ್ ತಪ್ಪಲ್ಲ. ಜೋರು ಮಳೆ ಚರಂಡಿ ನೀರು, ಕೊಟ್ಟಿಗೆ ಸಗಣಿ ಎಲ್ಲವನ್ನೂ ಹೊಳೆಗೆ ತಳ್ಳುತ್ತದೆ.

ಮೊದಲು ಹಿಂದಿನ ಎರಡು ದಿನದ ಮಳೆ ಬರೆದಿಡಿ. ಆಮೇಲೆ ಚರಂಡಿ ಸೇರುವ ಜಾಗಕ್ಕಿಂತ ಮೇಲೊಂದು, ಕೆಳಗೊಂದು ಸ್ಯಾಂಪಲ್, ಒಂದೇ ದಿನ. ಲ್ಯಾಬ್ ಕೊಡುವ ಸ್ಟೆರೈಲ್ (ಕ್ರಿಮಿರಹಿತ) ಬಾಟಲಿಯೇ ಬೇಕು. ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ. ಬಾಟಲಿಯ ಬಾಯಿ ಹರಿವಿಗೆ ಎದುರಾಗಿರಲಿ, ಒಂದು ಗೇಣು ಆಳದಲ್ಲಿ ತುಂಬಿ, ಮೇಲೆ ಸ್ವಲ್ಪ ಜಾಗ ಬಿಡಿ. ಐಸ್ ಪೆಟ್ಟಿಗೆಯಲ್ಲಿಟ್ಟು 6 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಿ. ನಾವು ಒಮ್ಮೆ ತಡ ಮಾಡಿ ಇಡೀ ದಿನದ ಕೆಲಸ ಹಾಳಾಯ್ತು.

ಮಲ ದನದ್ದೋ ಮನುಷ್ಯರದ್ದೋ ಅಂತ ಈ ಟೆಸ್ಟ್ ಹೇಳಲ್ಲ. ಆದರೆ ಮಳೆಯಿಲ್ಲದ ದಿನವೂ ಕೆಳಗಿನ ಸ್ಯಾಂಪಲ್‌ನಲ್ಲೇ ಜಾಸ್ತಿ ಬಂದರೆ ಚರಂಡಿಯನ್ನೇ ಹಿಡಿಯಿರಿ. ಫೀಕಲ್ ಕೋಲಿಫಾರ್ಮ್ ಲೆಕ್ಕ 100 ಮಿ.ಲೀ.ಗೆ 2500 ದಾಟಿದರೆ ಮಕ್ಕಳನ್ನು ಈಜಲು ಬಿಡಲೇಬೇಡಿ.