ಸೋಮವಾರದ ಊಟ

ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಮದುವೆಯಾಗಿ ಐದು ತಿಂಗಳು. ಕೋಟೇಶ್ವರದ ತೇರು, ನಮ್ಮ ಕೋಡಿ ಹಬ್ಬದ ಹಿಂದಿನ ವಾರ ದುಬೈಗೆ ಹೊರಟಿದ್ದೀಯ, ಹೆಂಡತಿ ಕುಂದಾಪುರದಲ್ಲೇ. "ದಿನಾ ಸಂಜೆ ಒಂದೇ ಹೊತ್ತಿಗೆ ಇಬ್ಬರೂ ದೇವರಿಗೆ ಕೈ ಮುಗಿಯೋಣ ಅಂತಾಳೆ. ಇದರಿಂದ ದೂರದ ಸಂಸಾರ ಗಟ್ಟಿಯಾಗುತ್ತಾ ಅಣ್ಣ?" ಅಂತ ಕೇಳಿದ್ದೀಯ.

ಊರಲ್ಲಿ ಆರೂವರೆಗೆ ದೀಪ ಹಚ್ಚುವಾಗ ಇಲ್ಲಿ ದುಬೈಯಲ್ಲಿ ಐದು ಗಂಟೆ. ನೀನು ಡ್ಯೂಟಿಯಲ್ಲಿರುತ್ತೀಯ. ಬೆಳಿಗ್ಗೆ ಇಟ್ಟುಕೊಳ್ಳಿ. ವಾಟ್ಸಾಪ್ ಕಾಲ್ ಇಲ್ಲಿ ಹೋಗುವುದಿಲ್ಲ, ಅವಳ ಫೋನಿಗೆ ಬೋಟಿಮ್ ಅನ್ನುವ ಕಾಲ್ ಆ್ಯಪ್ ಹಾಕಿಕೊಡು. ಬರ್ ದುಬೈಯಲ್ಲಿ ಕೃಷ್ಣನ ಗುಡಿ ಇದೆ, ಜೆಬೆಲ್ ಅಲಿಯಲ್ಲಿ 2022ರಲ್ಲಿ ದೊಡ್ಡ ದೇವಸ್ಥಾನವೇ ಆಗಿದೆ. ಫ್ಯಾಮಿಲಿ ವೀಸಾಕ್ಕೆ 4000 ದಿರ್ಹಮ್ ಸಂಬಳ ಬೇಕು, ಕಂಪನಿ ಮನೆ ಕೊಟ್ಟರೆ 3000 ಸಾಕು. ಅದರ ಮೇಲೆ ಕಣ್ಣಿಟ್ಟಿರು.

ನಾನು ಬಂದದ್ದು 1998ರಲ್ಲಿ. ಸತ್ವಾದಲ್ಲಿ ಒಂದು ರೂಮಿಗೆ ಎಂಟು ಜನ. ಆಗ ಶುಕ್ರವಾರ ರಜೆ. ಬರ್ ದುಬೈಯಲ್ಲಿ ಕ್ರೀಕ್ (ಕಡಲಿನ ಹಿನ್ನೀರು) ಪಕ್ಕದ ಗುಡಿಗೆ ಹೋಗಿ, ಅಲ್ಲಿಂದಲೇ ಮನೆಗೆ ಫೋನ್ ಮಾಡುತ್ತಿದ್ದೆ. ನಿನ್ನ ಅತ್ತಿಗೆ ಏನಾದರೂ ಬೇಜಾರು ಹೇಳಲು ಶುರು ಮಾಡಿದರೆ "ದೇವರಿದ್ದಾನೆ, ಬಿಡು" ಅನ್ನುತ್ತಿದ್ದೆ. ನಂಬಿಯೇ ಹೇಳುತ್ತಿದ್ದೆ. ಆದರೆ ಫೋನ್ ಕಾರ್ಡಿನ ದುಡ್ಡು ಓಡುತ್ತಿತ್ತು. ಅವಳ ಅಳು ಕೇಳುವ ಧೈರ್ಯವೂ ನನಗಿರಲಿಲ್ಲ.

ಸೋಮವಾರ ರಾತ್ರಿಯೂ ಫೋನ್ ಇರುತ್ತಿತ್ತು. "ಊಟ ಆಯ್ತಾ?" "ಹ್ಞೂಂ, ಆಯ್ತು." ಎರಡು ವರ್ಷ ಇದೇ ಮಾತು. ಮೊದಲ ರಜೆಗೆ ಹೋದಾಗ ಒಂದು ಸೋಮವಾರ ಅವಳು ಊಟಕ್ಕೆ ಕೂರಲಿಲ್ಲ. ಅಮ್ಮ ಹೇಳಿದರು, ನಾನು ವಿಮಾನ ಹತ್ತಿದ ವಾರದಿಂದ ಸೋಮವಾರ ಉಪವಾಸವಂತೆ. ಕೋಟೇಶ್ವರದ ದೇವಸ್ಥಾನಕ್ಕೆ ನಡೆದೇ ಹೋಗಿ ಬರುತ್ತಾಳಂತೆ. ಯಾಕೆ ಹೇಳಲಿಲ್ಲ ಅಂದೆ. "ದೇವರಿಗೆ ಬಿಡು ಅಂದದ್ದು ನೀವೇ ಅಲ್ವಾ" ಅಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು.

ಏಳು ವರ್ಷದ ಮೇಲೆ ಅವಳನ್ನು ಕರೆಸಿಕೊಂಡೆ. ಅಲ್ಲಿಯವರೆಗೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಅವಳ ಸೋಮವಾರ, ನನ್ನ ಶುಕ್ರವಾರ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ಆ ಏಳು ವರ್ಷ ಅವಳು ಸುಖವಾಗಿದ್ದಳು ಅಂತ ಹೇಳಲಾರೆ.

ಹಾಗಾಗಿ ಕೈ ಮುಗಿಯಿರಿ, ಖಂಡಿತ. ಮುಗಿದ ಮೇಲೆ ಹತ್ತು ನಿಮಿಷ ಅವಳು ಮಾತಾಡಲಿ, ನೀನು ಸುಮ್ನೆ ಕೇಳು. ಹರಕೆ ಹೊರುವುದಾದರೆ ಇಬ್ಬರಿಗೂ ಗೊತ್ತಿರಲಿ. ಅವಳ ಉಪವಾಸದ ದಿನ ನೀನೂ ಒಂದು ಹೊತ್ತು ಬಿಡು.

ಇನ್ನೊಂದು. ಹೊಸ ಜೋಡಿ ಒಟ್ಟಿಗೆ ಹೋಗಿ ಕಬ್ಬಿನ ಕೋಡಿ, ಅಂದರೆ ಚಿಗುರು, ತರುವ ಹಬ್ಬ ಅದು. ನಮ್ಮ ಮದುವೆಯಾದ ವರ್ಷದ ಕೋಡಿ ಹಬ್ಬಕ್ಕೆ ನಾನು ಇಲ್ಲಿದ್ದೆ, ನಿನ್ನ ಅತ್ತಿಗೆ ನನ್ನಮ್ಮನ ಜೊತೆ ಹೋಗಿ ತಂದಳು. ಜೋಡಿಯಾಗಿ ಬಂದವರ ನಡುವೆ ಎಲ್ಲರೂ "ಗಂಡ ಎಲ್ಲಿ" ಅಂತ ಕೇಳಿದರಂತೆ. ಇವತ್ತಿಗೂ ಆ ಹಬ್ಬ ಬಂದರೆ ನನಗೆ ಸಮಾಧಾನ ಇರುವುದಿಲ್ಲ. ನೀನು ಕಂಪನಿಗೆ ಒಂದು ಮೇಲ್ ಹಾಕು. ಒಂದು ವಾರ ತಡವಾಗಿ ಸೇರುತ್ತೇನೆ ಅಂತ ಕೇಳು. ಇಬ್ಬರೂ ಹೋಗಿ ತೇರು ನೋಡಿ, ಕಬ್ಬು ತಂದು, ಆಮೇಲೆ ಬಾ. ಏರ್‌ಪೋರ್ಟಿಗೆ ನಾನೇ ಬರುತ್ತೇನೆ.