ವಿದ್ಯುತ್ ಚಾರ್ಜ್ ಹಿಡಿದಿಡುವ, ಈಗ ಬಳಸದ ದೊಡ್ಡ ಕೆಪಾಸಿಟರ್‌ಗಳ ಎರಡೂ ತುದಿ ಸೇರಿಸಿ ತಂತಿ ಕಟ್ಟಿಡುವುದು ಯಾಕೆ?
ಒಮ್ಮೆ ಡಿಸ್ಚಾರ್ಜ್ (ಖಾಲಿ) ಮಾಡಿದ ಮೇಲೆ ತಂತಿ ಸುಮ್ನೆ ಯಾಕೆ ಅನಿಸುತ್ತದೆ, ಅಲ್ವಾ? ಆದರೆ ಒಳಗಿನ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯಗೊಡದ) ಪದರ ಸ್ವಲ್ಪ ಚಾರ್ಜನ್ನು ಹೀರಿಕೊಂಡಿರುತ್ತದೆ. ತುದಿಗಳನ್ನು ಹಾಗೇ ಬಿಟ್ಟರೆ ಅದು ನಿಧಾನವಾಗಿ ಹೊರಬಂದು ವೋಲ್ಟೇಜ್ ತಾನಾಗಿ ಏರುತ್ತದೆ. ಎಲೆಕ್ಟ್ರೋಲಿಟಿಕ್ ಬಗೆಯ (ಆಕ್ಸೈಡ್ ಪದರವೇ ಡೈಎಲೆಕ್ಟ್ರಿಕ್ ಆಗಿರುವ) ಕೆಪಾಸಿಟರ್‌ಗಳಲ್ಲಿ ಮೊದಲಿದ್ದ ವೋಲ್ಟೇಜಿನ ಶೇ. 10ರಷ್ಟೂ ಮರಳಬಹುದು. 400 ವೋಲ್ಟ್ ಇದ್ದದ್ದಾದರೆ 40 ವೋಲ್ಟ್! ತಂತಿ ಇದ್ದರೆ ಆ ಚಾರ್ಜ್ ಆಗಿಂದಾಗಲೇ ಖಾಲಿಯಾಗುತ್ತದೆ.

ತುಂಬಿದ ಕೆಪಾಸಿಟರ್‌ಗೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸುವ ಶೂರತನ ಬೇಡ. 4,700 ಮೈಕ್ರೋಫ್ಯಾರಡ್, 400 ವೋಲ್ಟ್ ಅಂದರೆ ಸುಮಾರು 376 ಜೂಲ್. ಜೀವಕ್ಕೇ ಅಪಾಯ. 10 ಕಿಲೋ ಓಮ್, 25 ವ್ಯಾಟ್ ರೆಸಿಸ್ಟರ್ (ಕರೆಂಟಿನ ಹರಿವು ತಗ್ಗಿಸುವ ಭಾಗ) ಮೂಲಕ ಐದು ನಿಮಿಷ ಇಳಿಸಿ, ಮೀಟರ್‌ನಲ್ಲಿ ನೋಡಿ, ಆಮೇಲೆ ತಂತಿ ಕಟ್ಟಿ. ತಣ್ಣಗಿನ, ಒಣ ಜಾಗದಲ್ಲಿಡಿ.

ವರ್ಷಗಟ್ಟಲೆ ಇಟ್ಟ ಎಲೆಕ್ಟ್ರೋಲಿಟಿಕ್ಕನ್ನು ಒಮ್ಮೆಲೇ ಪೂರ್ತಿ ವೋಲ್ಟೇಜಿಗೆ ಹಾಕಬೇಡಿ. ಆಕ್ಸೈಡ್ ಪದರ ದುರ್ಬಲವಾಗಿರಬಹುದು. ರೆಸಿಸ್ಟರ್ ಮೂಲಕ ನಿಧಾನವಾಗಿ ಏರಿಸಿ.