ಸರ್ಕಲ್ ದುಂಡಗಿರಲೇಬೇಕೇ, ಪೋಸ್ಟ್‌ಮಾಸ್ತರರೇ?

ಪ್ರಶ್ನೆ: ಪೋಸ್ಟ್‌ಮಾಸ್ತರರೇ, ನಮ್ಮ ಗಣಿತ ಪುಸ್ತಕದಲ್ಲಿ ಸರ್ಕಲ್ ಎಂದರೆ ವೃತ್ತ. ಬಸ್ಸಿನಲ್ಲಿ ಕಂಡಕ್ಟರ್ ‘ಸರ್ಕಲ್ ಇಳಿಯುವವರು ಮುಂದೆ ಬನ್ನಿ’ ಎನ್ನುತ್ತಾರೆ. ನಮ್ಮ ಮಾವ ಪೊಲೀಸ್ ಇಲಾಖೆಯಲ್ಲಿ ಸರ್ಕಲ್ ಇನ್‌ಸ್ಪೆಕ್ಟರ್. ಮೊಬೈಲ್ ರೀಚಾರ್ಜ್ ಮಾಡಲು ಹೋದರೆ ‘ಯಾವ ಸರ್ಕಲ್?’ ಎಂದು ಕೇಳುತ್ತದೆ. ಅಕ್ಕನಿಗೆ ಕಣ್ಣಿನ ಕೆಳಗೆ ಡಾರ್ಕ್ ಸರ್ಕಲ್ ಬಂದಿದೆಯಂತೆ. ಒಂದೇ ಶಬ್ದಕ್ಕೆ ಇಷ್ಟೆಲ್ಲ ಕೆಲಸವೇ?
— ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಅಂಕೋಲಾ

ಉತ್ತರ: ತಂಗಿ, ಮೊದಲು ನಿನ್ನ ಅಕ್ಕನದನ್ನು ಮುಗಿಸಿಬಿಡುತ್ತೇನೆ. ಅದು ವೃತ್ತವಲ್ಲ, ಅರ್ಧಚಂದ್ರ. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಲು ಹೇಳು.

ಉಳಿದದ್ದಕ್ಕೆ ಸ್ವಲ್ಪ ವ್ಯವಧಾನ ಬೇಕು. ಅಂಚೆ ಕಚೇರಿಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು ನಾನು. ದಿನಕ್ಕೆ ನೂರಾರು ಸಲ ಮೊಹರು ಹೊಡೆಯುತ್ತಿದ್ದೆ. ಮಸಿಯ ಪ್ಯಾಡಿಗೊಂದು ಪೆಟ್ಟು, ಲಕೋಟೆಗೊಂದು ಪೆಟ್ಟು. ಮೊಹರಿನ ಒಂದು ಅಂಚು ಸವೆದಿದ್ದರೆ ಆ ಬದಿ ಮೂಡುವುದೇ ಇಲ್ಲ. ತಾರೀಕು ಸ್ಪಷ್ಟ, ಊರಿನ ಹೆಸರಿನ ಕೊನೆಯ ಅಕ್ಷರ ಮಾಯ. ಸವೆದರೂ ಅದು ದುಂಡಗಿನ ಸರ್ಕಲ್ಲೇ. ಆದರೆ ಮೇಲಿನಿಂದ ಬರುವ ಪ್ರತಿ ಕಾಗದದ ತಲೆಯ ಮೇಲೆ ಇನ್ನೊಂದು ಸರ್ಕಲ್ ಇರುತ್ತಿತ್ತು: ಕರ್ನಾಟಕ ಸರ್ಕಲ್. ಬೀದರಿನಿಂದ ಚಾಮರಾಜನಗರದವರೆಗೆ ಚಾಚಿಕೊಂಡ ಅದನ್ನು ಯಾವ ಕೈವಾರದಿಂದ ಎಳೆದರೂ ದುಂಡಗಾಗುವುದಿಲ್ಲ.

ಹಾಗಾದರೆ ಅದು ಸರ್ಕಲ್ ಹೇಗೆ? ಯಕ್ಷಗಾನದ ಮೇಳ ತಿರುಗಾಟಕ್ಕೆ ಹೊರಡುವುದನ್ನು ನೆನಪಿಸಿಕೋ. ಇಂದು ಗುಣವಂತೆಯಲ್ಲಿ ಆಟ, ನಾಳೆ ಸಿದ್ದಾಪುರದಲ್ಲಿ, ನಾಡಿದ್ದು ಕುಂದಾಪುರದ ಕಡೆ. ಹೋಗುವ ದಾರಿ ಅಂಕುಡೊಂಕು, ಆದರೆ ತಿರುಗಾಟ ಮುಗಿದಾಗ ಹೊರಟ ಊರಿಗೇ ಬಂದು ಗೆಜ್ಜೆ ಬಿಚ್ಚುತ್ತಾರೆ. ಅಧಿಕಾರಿಯ ಸರ್ಕಲ್ಲನ್ನು ನಾನು ಹಾಗೆಯೇ ಅರ್ಥ ಮಾಡಿಕೊಂಡಿದ್ದೇನೆ: ಅವನ ತಿರುಗಾಟದ ಸೀಮೆ. ನಿನ್ನ ಮಾವ ನೋಡಿಕೊಳ್ಳುವ ಠಾಣೆಗಳ ಒಟ್ಟು ಸರಹದ್ದು ಅವರ ಸರ್ಕಲ್. ಅರಣ್ಯ ಇಲಾಖೆಯದು ಇನ್ನೂ ದೊಡ್ಡದು. ಕಾರವಾರ, ಹೊನ್ನಾವರ, ಹಳಿಯಾಳ, ಯಲ್ಲಾಪುರ, ಶಿರಸಿ ವಿಭಾಗಗಳೆಲ್ಲ ಸೇರಿ ಒಂದು ಕೆನರಾ ವೃತ್ತ, ಅದರ ಕಚೇರಿ ಶಿರಸಿಯಲ್ಲಿ.

ಇಂಗ್ಲಿಷಿಗೂ ಈ ತಿರುಗಾಟ ಹೊಸದಲ್ಲ. ಸರ್ಕಲ್ ಬಂದದ್ದು ಲ್ಯಾಟಿನ್ನಿನ ‘ಸರ್ಕುಲಸ್’ನಿಂದ, ಅಂದರೆ ಸಣ್ಣ ಬಳೆ. ‘ಸರ್ಕಸ್’ ಎಂದರೆ ದೊಡ್ಡ ಬಳೆ. ಇದೇ ಮನೆತನದಲ್ಲಿ ‘ಸುತ್ತು ಹಾಕು’ ಎಂಬ ಅರ್ಥದ ಕ್ರಿಯಾಪದವೊಂದು ಹುಟ್ಟಿ, ಫ್ರೆಂಚರ ಬಾಯಲ್ಲಿ ಸವೆದು, ಇಂಗ್ಲಿಷಿನಲ್ಲಿ ‘ಸರ್ಚ್’ ಆಗಿ ಕುಳಿತಿದೆ. ಹುಡುಕುವುದೆಂದರೆ ಮೂಲದಲ್ಲಿ ಸುತ್ತುವುದು! ಕನ್ನಡಕಕ್ಕಾಗಿ ನಾನು ದಿನಾ ಬೆಳಿಗ್ಗೆ ಮನೆಯೊಳಗೆ ಹಾಕುವ ಪ್ರದಕ್ಷಿಣೆ ನೋಡಿದ ನನ್ನ ಹೆಂಡತಿಗೆ ಇದನ್ನು ನಿಘಂಟು ಹೇಳಿಕೊಡಬೇಕಾಗಿಲ್ಲ.

ಇನ್ನು ಮೊಬೈಲ್. ಕಾಳಿ ಸೇತುವೆ ದಾಟಿ, ಸದಾಶಿವಗಡ ದಾಟಿ ಮಾಜಾಳಿಗೆ ಹೋದರೆ ಆಚೆ ಗೋವಾದ ಪೋಳೆಂ. ಎರಡೂ ಕಡೆ ಅದೇ ಕೊಂಕಣಿ, ಅದೇ ಮೀನು ಸಾರು, ಬೀಗತನವೂ ಉಂಟು. ಆದರೆ ದೂರಸಂಪರ್ಕದ ಲೆಕ್ಕದಲ್ಲಿ ಗೋವಾ ಸೇರುವುದು ಮಹಾರಾಷ್ಟ್ರ ಸರ್ಕಲ್ಲಿಗೆ. ರೋಮಿಂಗಿಗೆ ದುಡ್ಡು ಮುರಿಯುತ್ತಿದ್ದ ಕಾಲದಲ್ಲಿ, ಮಾಜಾಳಿಯ ಕಡಲ ದಂಡೆಯಲ್ಲಿ ನಿಂತಲ್ಲೇ ನನ್ನ ಫೋನು ಆಚೆಯ ಟವರ್ ಹಿಡಿದು, ನಾನು ಪರರಾಜ್ಯದಲ್ಲಿದ್ದೇನೆಂದು ಸ್ವಾಗತ ಕೋರುತ್ತಿತ್ತು. ಅಂಚೆಯಲ್ಲೂ ಅದೇ ಗಡಿ. 1972ರಲ್ಲಿ ಬಂದ ಪಿನ್‌ಕೋಡಿನ ಮೊದಲ ಎರಡು ಅಂಕಿ ಸರ್ಕಲ್ಲಿನ ಗುರುತು: ಕಾರವಾರ 581301, ಆಚೆ ದಾಟಿದರೆ 403ರಿಂದ ಶುರು. ಒಮ್ಮೆ ಮಾಜಾಳಿಯ ಕಡೆಯ ಹಿರಿಯರೊಬ್ಬರು ಮಗಳ ಮದುವೆಯ ಕರೆಯೋಲೆಗಳನ್ನು ತಂದು ನನ್ನ ಮುಂದಿಟ್ಟರು. ಪೋಳೆಂ ವಿಳಾಸದ್ದು ಒಂದು ಬೇರೆ ಸರ್ಕಲ್ಲಿಗೆ ಹೋಗಬೇಕು ಎಂದೆ. ಅವರು ನನ್ನ ಮುಖ ನೋಡಿದರು, ಅದೊಂದನ್ನು ಕಟ್ಟಿನಿಂದ ಎಳೆದು ಅಂಗಿಯ ಕಿಸೆಗೆ ಹಾಕಿಕೊಂಡು, ‘ಹೋಗುವ ದಾರಿಯಲ್ಲಿ ನಾನೇ ಕೊಡುತ್ತೇನೆ ಬಿಡಿ’ ಎಂದು ಸೈಕಲ್ ಹತ್ತಿದರು.

ನಿನಗೆ ಪರೀಕ್ಷೆಗೆ ಬೇಡವಾದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿನ ‘ಸರ್ಕ್ಯುಲರ್’ ನಮಗೆ ಬಂದಾಗ ಯಾರೋ ಪುಣ್ಯಾತ್ಮರು ಅದನ್ನು ‘ಸುತ್ತೋಲೆ’ ಮಾಡಿದರು. ಊರೂರು ಸುತ್ತುವ ಓಲೆ. ಇದಕ್ಕಿಂತ ಒಳ್ಳೆಯ ಕಚೇರಿ ಶಬ್ದ ನಾನು ಕಂಡಿಲ್ಲ. ಅದರೊಳಗೆ ಬರೆದಿರುತ್ತಿದ್ದ ವಿಷಯದ ಬಗ್ಗೆ ಮಾತ್ರ ಹೀಗೆ ಹೇಳಲಾರೆ. ಗೆಳೆಯರ ಸರ್ಕಲ್ಲಿಗೂ ನಮ್ಮಲ್ಲಿ ಮೊದಲೇ ಶಬ್ದವಿತ್ತು: ಮಂಡಳಿ. ಮಂಡಲವೆಂದರೂ ದುಂಡಗಿನದೇ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಗುಣವಂತೆಯಲ್ಲಿ ಕಟ್ಟಿದ ಮೇಳದ ಹೆಸರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ. ಆದರೆ ‘ವೃತ್ತಪತ್ರಿಕೆ’ಯನ್ನು ದುಂಡಗಿನ ಪತ್ರಿಕೆ ಎಂದು ಬರೆದೀಯೆ, ಜೋಕೆ. ಅಲ್ಲಿ ವೃತ್ತವೆಂದರೆ ನಡೆದ ಸಂಗತಿ, ಸುದ್ದಿ. ಚಂಪಕಮಾಲೆ, ಉತ್ಪಲಮಾಲೆಗಳೂ ವೃತ್ತಗಳೇ. ಅವಕ್ಕೆ ತ್ರಿಜ್ಯ ಹುಡುಕಬೇಡ, ಗಣ ಹಾಕು.

ಪ್ರಶ್ನೆ: ನಮ್ಮೂರಿನ ಐದು ರಸ್ತೆ ಸರ್ಕಲ್ಲಿನಲ್ಲಿ ನಿಂತು ನೋಡಿದರೆ ದಿಕ್ಕಿಗೊಂದು ರಸ್ತೆ ಕಾಣುತ್ತದೆ, ದುಂಡಗಿನದು ಏನೂ ಕಾಣುವುದಿಲ್ಲ. ಇದಕ್ಕೆ ಸರ್ಕಲ್ ಎನ್ನುವುದು ತಪ್ಪಲ್ಲವೇ?
— ಅಡಿಕೆ ವ್ಯಾಪಾರಿ, ಶಿರಸಿ

ಉತ್ತರ: ತಪ್ಪಾದರೆ ನೀವೊಬ್ಬರೇ ಅಲ್ಲ. ಹೊನ್ನಾವರದ ಶರಾವತಿ ಸರ್ಕಲ್ಲಿನವರು, ಭಟ್ಕಳದ ಶಂಸುದ್ದೀನ್ ಸರ್ಕಲ್ಲಿನವರು ಎಲ್ಲರೂ ಸೇರಿ ತಪ್ಪೊಪ್ಪಿಕೊಳ್ಳಬೇಕಾದೀತು. ನಡುವೆ ಕಟ್ಟೆ ಕಟ್ಟಿ, ವಾಹನಗಳು ಅದನ್ನು ಬಳಸಿ ಹೋಗುವ ಕಡೆ ಹುಟ್ಟಿದ ಹೆಸರು ಆಮೇಲೆ ನಾಲ್ಕು ರಸ್ತೆ ಕೂಡಿದಲ್ಲೆಲ್ಲ ಅಂಟಿಕೊಂಡಿದೆ. ಲಂಡನ್ನಿನವರು 1819ರಲ್ಲಿ ಇಂಥದೇ ಒಂದು ಕೂಡುರಸ್ತೆ ಮಾಡಿ ಪಿಕಡಿಲಿ ಸರ್ಕಸ್ ಎಂದು ಕರೆದರು. ಅಲ್ಲಿ ಆನೆಯೂ ಇಲ್ಲ, ಡೇರೆಯೂ ಇಲ್ಲ. ಆ ಸರ್ಕಸ್ ಎಂಬ ಹೆಸರಿನ ಮೂಲವಾದ ರೋಮಿನ ರಥದೋಟದ ಬಯಲು ಕೂಡ ದುಂಡಗಿರಲಿಲ್ಲ, ಉದ್ದಕ್ಕಿತ್ತು. ನಿಜವಾಗಿ ದುಂಡಗಿದ್ದದ್ದು ಡೇರೆಯ ಸರ್ಕಸ್ಸಿನ ಕಣ. ಫಿಲಿಪ್ ಆ್ಯಸ್ಟ್ಲಿ ಎಂಬ ಇಂಗ್ಲಿಷ್ ಸವಾರ ಕುದುರೆಯನ್ನು ಸುತ್ತ ಓಡಿಸಿದರೆ ಅದರ ಬೆನ್ನ ಮೇಲೆ ನಿಲ್ಲುವುದು ಸುಲಭ ಎಂದು ಬಳಕೆಯಿಂದ ತಿಳಿದಿದ್ದ. ಕೊನೆಗೆ 42 ಅಡಿ ಅಡ್ಡಳತೆಯ ಕಣವೇ ಸರ್ಕಸ್ಸಿನವರ ಪದ್ಧತಿಯಾಯಿತು.

ನಿಮಗೆ ಸರ್ಕಲ್ ಬೇಡವಾದರೆ ‘ಐದು ರಸ್ತೆ’ ಎಂದಷ್ಟೇ ಹೇಳಿ. ಆಟೋದವನು ಅಲ್ಲಿಗೇ ಬಿಡುತ್ತಾನೆ.

ಪ್ರಶ್ನೆ: ‘ವಿಶಿಯಸ್ ಸರ್ಕಲ್’ಗೆ ವಿಷವರ್ತುಲ ಎನ್ನುವುದು ಸರಿಯೇ?
— ಓದುಗರು, ಕುಮಟಾ

ಉತ್ತರ: ಕೇಳಲು ಚೆನ್ನಾಗಿದೆ, ರೂಢಿಗೂ ಬಂದಿದೆ, ಬಳಸಿ. ಆದರೆ ಮೂಲದಲ್ಲಿ ವಿಷವಿಲ್ಲ, ದೋಷವಿದೆ. ಸಾಧಿಸಬೇಕಾದ ಮಾತನ್ನೇ ಆಧಾರವಾಗಿಟ್ಟುಕೊಂಡು ವಾದ ಮಾಡುವುದು ಆ ದೋಷ. ನಮ್ಮ ತರ್ಕಶಾಸ್ತ್ರದವರು ಒಂದಕ್ಕೊಂದು ಆತುಕೊಂಡ ಎರಡಕ್ಕೆ ಅನ್ಯೋನ್ಯಾಶ್ರಯವೆಂದೂ, ಮೂರೋ ಹೆಚ್ಚೋ ಆಗಿ ಸುತ್ತಿದರೆ ಚಕ್ರಕವೆಂದೂ ಹೆಸರಿಟ್ಟಿದ್ದರು.

ನಿವೃತ್ತನಾಗಿ ಊರು ಬದಲಿಸಿದಾಗ ನಾನು ಅದರೊಳಗೇ ಸಿಕ್ಕಿಬಿದ್ದೆ. ಒಂದು ಕಚೇರಿಯಲ್ಲಿ ವಿಳಾಸ ಬದಲಿಸಲು ಬ್ಯಾಂಕಿನ ಪಾಸ್‌ಬುಕ್ ತನ್ನಿ ಎಂದರು. ಬ್ಯಾಂಕಿನವರು ಗ್ಯಾಸಿನ ಪುಸ್ತಕ ತನ್ನಿ ಎಂದರು. ಗ್ಯಾಸಿನವರು ಮೊದಲಿನ ಕಚೇರಿಯ ಕಾಗದವನ್ನೇ ಕೇಳಿದರು. ಮೂರಾಯಿತಲ್ಲ, ಚಕ್ರಕ. ಕೊನೆಗೆ ಹಳೆಯ ಬುದ್ಧಿ ಓಡಿಸಿ, ಹೊಸ ವಿಳಾಸಕ್ಕೆ ನನ್ನ ಹೆಸರಿಗೆ ನಾನೇ ಒಂದು ರಿಜಿಸ್ಟರ್ ಪತ್ರ ಹಾಕಿಕೊಂಡೆ. ಅದು ಬಂದು ತಲುಪಿದ ಮೇಲೆ ಲಕೋಟೆಯನ್ನು ಒಯ್ದು ಗುಮಾಸ್ತನ ಮೇಜಿನ ಮೇಲಿಟ್ಟೆ. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅತ್ತ ಇತ್ತ ತಿರುಗಿಸಿ ನೋಡಿ, ‘ಮೊಹರಿನಲ್ಲಿ ಊರಿನ ಕೊನೆಯ ಅಕ್ಷರ ಮೂಡಿಲ್ಲವಲ್ಲ, ಯಜಮಾನರೇ’ ಎಂದ.